ವಿಂಚು, ವದಂತಿ ಮತ್ತು ಬಿಗಿದ ರೋಪು

ಆಫ್‌ರೋಡ್ ಹುಚ್ಚಿನವರು ನಾಲ್ಕು ಜನ ಸೇರಿದರೆ ಒಂದು ಕಥೆ ಬಂದೇ ಬರುತ್ತದೆ. ಸಕಲೇಶಪುರದ ಕಡೆ ಯಾವುದೋ ಹೋಮ್‌ಸ್ಟೇ. ರಾತ್ರಿ ಅಂಗಳದಲ್ಲಿ ಸಾಲಾಗಿ ನಿಂತ ಜೀಪುಗಳು. ಯಾರೋ ಕಿಡಿಗೇಡಿ ಬಂದು ಒಂದು ಗಾಡಿಯ ವಿಂಚಿನ, ಅಂದರೆ ರೋಪ್ ಸುತ್ತಿಕೊಂಡು ಭಾರ ಎಳೆಯುವ ಯಂತ್ರದ, ಹುಕ್ಕನ್ನು ಎದುರಿನ ಗಾಡಿಯ ಬಂಪರಿಗೆ ಸಿಕ್ಕಿಸಿ, ತಾನು ತಂದ ಕಂಟ್ರೋಲರ್ ಚುಚ್ಚಿ, ಬಟನ್ ಒತ್ತಿ ಓಡಿಹೋದನಂತೆ. ಬೆಳಿಗ್ಗೆ ಎದ್ದು ನೋಡಿದರೆ ಎರಡೂ ಗಾಡಿ ಮೂತಿಗೆ ಮೂತಿ ತಾಗಿಸಿಕೊಂಡು ನಿಂತಿದ್ದವಂತೆ. ಹೇಳುವವನು ಇದನ್ನು ಕಣ್ಣಾರೆ ಕಂಡಿರುವುದಿಲ್ಲ, ಅವನ ಗೆಳೆಯನ ಗೆಳೆಯ ಕಂಡಿರುತ್ತಾನೆ. ಒಮ್ಮೊಮ್ಮೆ ಸಕಲೇಶಪುರ ಹೋಗಿ ಮಡಿಕೇರಿಯಾಗುತ್ತದೆ, ಬಂಪರಿನ ಜಾಗಕ್ಕೆ ಕರೆಂಟ್ ಕಂಬ ಬರುತ್ತದೆ.

ಕಥೆ ಸೊಗಸಾಗಿದೆ. ಆದರೆ ವಿಂಚಿನ ಬಟನ್ ಒತ್ತಿ ಓಡಿಹೋಗಲು ಬರುವುದಿಲ್ಲ. ಬಟನ್ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ರೋಪ್ ಸುತ್ತುವ ಡ್ರಮ್ ತಿರುಗುತ್ತದೆ, ಬೆರಳು ತೆಗೆದ ಕೂಡಲೇ ನಿಲ್ಲುತ್ತದೆ. ಅದೂ ಆಮೆಗತಿ. ಭಾರ ಬಿದ್ದಾಗ ಸಾಮಾನ್ಯ ವಿಂಚು ನಿಮಿಷಕ್ಕೆ ಎರಡು ಮೂರು ಮೀಟರ್ ಸುತ್ತಿದರೆ ಹೆಚ್ಚು. ಹ್ಯಾಂಡ್‌ಬ್ರೇಕ್ ಹಾಕಿ ಗೇರಿನಲ್ಲಿ ನಿಲ್ಲಿಸಿದ ಗಾಡಿಯನ್ನು ಎಳೆಯಲು ಆ ಕಿಡಿಗೇಡಿ ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಬಟನ್ ಅದುಮಿ ಹಿಡಿದಿರಬೇಕು. ಅಷ್ಟು ಹೊತ್ತು ಮೋಟಾರು ಅರಚುತ್ತಿದ್ದರೂ ಹೋಮ್‌ಸ್ಟೇ ನಾಯಿ ಎದ್ದು ಬೊಗಳಬಾರದು.

ಹಾಗೆಂದು ಇಡೀ ಕಥೆಯನ್ನು ಗಾಳಿಗೆ ತೂರಲೂ ಆಗದು. ಬಹಳಷ್ಟು ವಿಂಚುಗಳಲ್ಲಿ ಕಂಟ್ರೋಲರ್ ಚುಚ್ಚುವ ಸಾಕೆಟ್ ಬಂಪರಿನ ಮೇಲೆ ಬಟಾಬಯಲಿನಲ್ಲಿರುತ್ತದೆ. ಬ್ಯಾಟರಿಯಿಂದ ನೇರ ವೈರು ಬಂದಿರುವುದರಿಂದ ಗಾಡಿಯ ಕೀಲಿ ನಿಮ್ಮ ಜೇಬಿನಲ್ಲಿದ್ದರೂ ಸಾಕೆಟ್ ಜೀವಂತವಾಗಿಯೇ ಇರುತ್ತದೆ. ಒಂದು ಕಂಪನಿಯ ಪ್ಲಗ್ ಇನ್ನೊಂದಕ್ಕೆ ಕೂರುವುದೂ ಉಂಟು. ಅಗ್ಗದ ವೈರ್‌ಲೆಸ್ ರಿಮೋಟ್‌ಗಳಲ್ಲಿ ಎರಡು ಸೆಟ್ಟಿಗೆ ಒಂದೇ ಕೋಡ್ ಬಿದ್ದಿದ್ದರೆ ಪಕ್ಕದವನ ಬಟನ್‌ಗೆ ನಿಮ್ಮ ಡ್ರಮ್ ತಿರುಗಬಹುದು. ಇದೆಲ್ಲಕ್ಕಿಂತ ಗಂಭೀರವಾದದ್ದು ಮೋಟಾರಿಗೆ ಕರೆಂಟು ಬಿಡುವ ಸ್ವಿಚ್ಚಾದ ಸೊಲೆನಾಯ್ಡ್ ಅಂಟಿಕೊಳ್ಳುವುದು. ಪೂರ್ತಿ ಭಾರ ಎಳೆಯುವಾಗ 12 ವೋಲ್ಟಿನ ವಿಂಚು 400 ಆಂಪಿಯರ್‌ವರೆಗೂ ಕರೆಂಟು ಕುಡಿಯುತ್ತದೆ. ಬ್ಯಾಟರಿ ಸೋತು ವೋಲ್ಟೇಜ್ ಇಳಿದಾಗ ಸೊಲೆನಾಯ್ಡ್ ಒಳಗಿನ ಸಂಪರ್ಕ ಬಿಂದುಗಳು ಗಟ್ಟಿಯಾಗಿ ಕೂರದೆ ಕಿಡಿ ಹಾರಿಸುತ್ತ ಬಡಿದಾಡುತ್ತವೆ. ಆ ಕಿಡಿಯ ಬಿಸಿಗೆ ಒಂದಕ್ಕೊಂದು ಬೆಸೆದುಕೊಂಡವೆಂದರೆ ಮುಗಿಯಿತು, ಬಟನ್ ಬಿಟ್ಟರೂ ವಿಂಚು ನಿಲ್ಲುವುದಿಲ್ಲ. ಗಾಬರಿಯಲ್ಲಿ ಕಂಟ್ರೋಲರಿನ ಪ್ಲಗ್ ಕಿತ್ತರೂ ನಿಲ್ಲುವುದಿಲ್ಲ, ಏಕೆಂದರೆ ಕರೆಂಟು ಆ ದಾರಿಯಲ್ಲಿ ಹರಿಯುತ್ತಲೇ ಇಲ್ಲ. ಹುಕ್ಕು ಬಂದು ಬಂಪರಿಗೆ ಬಡಿಯುತ್ತದೆ, ಆಮೇಲೆ ರೋಪೋ ಬಂಪರೋ ಯಾವುದು ದುರ್ಬಲವೋ ಅದು ಮುರಿಯುತ್ತದೆ. ಸ್ಪ್ಯಾನರ್ ಹುಡುಕಿ ಬ್ಯಾಟರಿ ಟರ್ಮಿನಲ್ ಬಿಚ್ಚುವಷ್ಟರಲ್ಲಿ ಆಗಬೇಕಾದ್ದು ಆಗಿರುತ್ತದೆ.

ಕಿಡಿಗೇಡಿಗೂ ಈ ಕಾಯಿಲೆಗೂ ಒಂದೇ ಮದ್ದು: ಬ್ಯಾಟರಿ ಮತ್ತು ವಿಂಚಿನ ನಡುವೆ ಕೈಗೆ ಸಿಗುವ ಜಾಗದಲ್ಲಿ ಒಂದು ಕಟ್-ಆಫ್ ಸ್ವಿಚ್. ಕೆಲಸವಿಲ್ಲದಾಗ ಅದು ಆಫ್ ಇರಬೇಕು. ಸಾಮಾನ್ಯವಾಗಿ ವಿಂಚಿನ ದಪ್ಪ ವೈರಿಗೆ ಫ್ಯೂಸ್ ಇರುವುದಿಲ್ಲ. ಅದು ಗ್ರಿಲ್ಲಿನ ಚೂಪು ಅಂಚಿಗೆ ಉಜ್ಜಿ ಉಜ್ಜಿ ರಬ್ಬರ್ ಸವೆದು ಬಾಡಿಗೆ ತಾಗಿದರೆ ಬಾನೆಟ್ಟಿನ ಕೆಳಗೆ ಬೆಂಕಿಯೇ. ಲಕ್ಷಗಟ್ಟಲೆ ಸುರಿದು ವಿಂಚು, ಲೈಟು, ಸ್ನಾರ್ಕೆಲ್ ಹಾಕಿಸುವವರು ಈ ಒಂದು ಸ್ವಿಚ್ಚಿನ ಹತ್ತಿರ ಬಂದಾಗ ಯಾಕೆ ಕೈ ಬಿಗಿ ಹಿಡಿಯುತ್ತಾರೋ ನನಗೆ ಅರ್ಥವಾಗಿಲ್ಲ.

ರಾತ್ರಿಯ ಕಿಡಿಗೇಡಿಗಿಂತ ವಿಂಚಿಗೆ ದೊಡ್ಡ ಶತ್ರು ಹಗಲಿನಲ್ಲೇ ಇದ್ದಾನೆ. ಅವನು ಗಾಡಿಯ ಮಾಲೀಕ. ಅವನ ಬಲಗೈ ಮನೆ ಹತ್ತಿರದ ಗ್ಯಾರೇಜು.

ಅವರ ಕೈಚಳಕ ನೋಡುವ ಮುಂಚೆ ವಿಂಚಿನ ಪರಿಚಯ ಮಾಡಿಕೊಳ್ಳೋಣ. ಈ ಯಂತ್ರ ಹೊಸದೇನಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆಯ ಜೀಪುಗಳು ಜನರ ಕೈಗೆ ಬಂದಾಗ, ಅವುಗಳ ಮುಂದಿನ ಚಕ್ರಕ್ಕೆ ಲಾಕಿಂಗ್ ಹಬ್ ಮಾಡಿಕೊಡಲು ಆರ್ಥರ್ ವಾರ್ನ್ ಎಂಬಾತ 1948ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಕಂಪನಿ ಶುರು ಮಾಡಿದ. ಅದೇ ಕಂಪನಿ 1959ರಲ್ಲಿ ಹವ್ಯಾಸಿಗಳ ಗಾಡಿಗೆಂದೇ ವಿದ್ಯುತ್ ವಿಂಚನ್ನು ಹೊರತಂದಿತು. ಅಂದಿನಿಂದ ಮೂಲ ತತ್ವ ಹೆಚ್ಚು ಬದಲಾಗಿಲ್ಲ. ಸ್ಟಾರ್ಟರ್ ಮೋಟಾರಿನ ಜಾತಿಯದೇ ಒಂದು ಡಿ.ಸಿ. ಮೋಟಾರು, ಅದರ ವೇಗ ಇಳಿಸಿ ಬಲ ಏರಿಸುವ ಗೇರುಗಳು, ರೋಪ್ ಸುತ್ತುವ ಡ್ರಮ್, ಭಾರ ಜಾರದಂತೆ ಹಿಡಿಯುವ ಬ್ರೇಕು. ಈಗಿನ ವಿಂಚುಗಳಲ್ಲಿ ಮೋಟಾರು ಇನ್ನೂರು ಚಿಲ್ಲರೆ ಸುತ್ತು ತಿರುಗಿದರೆ ಡ್ರಮ್ ಒಂದು ಸುತ್ತು ತಿರುಗುತ್ತದೆ.

ಈ ಬ್ರೇಕಿನ ವಿಷಯದಲ್ಲಿ ನಡೆಯುವ ಅನಾಹುತ ನೋಡಿ. ಹೆಚ್ಚಿನ ವಿಂಚುಗಳಲ್ಲಿ ಬ್ರೇಕು ಡ್ರಮ್ಮಿನ ಒಳಗೇ ಇದ್ದು ಒಂದು ದಿಕ್ಕಿನಲ್ಲಿ ಮಾತ್ರ ಹಿಡಿಯುತ್ತದೆ. ರೋಪ್ ಡ್ರಮ್ಮಿನ ಕೆಳಭಾಗದಿಂದ ಹೊರಬರುವಂತೆ ಸುತ್ತಿರಬೇಕು. ಹಳೆಯ ಸ್ಟೀಲ್ ರೋಪ್ ಕಿತ್ತು ಹೊಸದು ಹಾಕುವ ಗ್ಯಾರೇಜಿನ ಹುಡುಗ ಅದನ್ನು ತಿರುವುಮುರುವು ಸುತ್ತಿಬಿಡುತ್ತಾನೆ. ನೋಡಲು ಎಲ್ಲ ಸರಿಯಿದೆ. ‘ಇನ್’ ಒತ್ತಿದರೆ ರೋಪ್ ಹೊರಗೆ ಬರುತ್ತದೆ, ‘ಔಟ್’ ಒತ್ತಿದರೆ ಒಳಗೆ ಹೋಗುತ್ತದೆ, ಅಷ್ಟೇ. “ಉಲ್ಟಾ ಒತ್ಕೊಳಿ ಸಾರ್, ಅಭ್ಯಾಸ ಆಗುತ್ತೆ” ಅನ್ನುತ್ತಾನೆ ಅವನು. ಇಳಿಜಾರಿನಲ್ಲಿ ಗಾಡಿ ಅರ್ಧ ಮೇಲೆ ಬಂದಾಗ ಬಟನ್ ಬಿಟ್ಟರೆ ಬ್ರೇಕು ಹಿಡಿಯುವುದಿಲ್ಲ, ಗಾಡಿ ಹಿಂದಕ್ಕೆ ಉರುಳುತ್ತದೆ. ಕಂಟ್ರೋಲರಿನ ಬಟನ್ನು ಉಲ್ಟಾ ಕೆಲಸ ಮಾಡುತ್ತಿದ್ದರೆ ಅಭ್ಯಾಸ ಮಾಡಿಕೊಳ್ಳಲು ಹೋಗದೆ ರೋಪನ್ನು ಪೂರ್ತಿ ಬಿಚ್ಚಿ ಮತ್ತೆ ಸುತ್ತಿಸಬೇಕು.

ಇನ್ನೊಂದು ಅನಾಹುತ, ರೋಪ್ ಹೊರಬರುವ ಬಾಯಲ್ಲಿರುವ ರೋಲರುಗಳದ್ದು. ವರ್ಷಗಟ್ಟಲೆ ಸ್ಟೀಲ್ ರೋಪ್ ಉಜ್ಜಿದ ರೋಲರಿನ ಮೇಲೆ ಬೆರಳಾಡಿಸಿದರೆ ಸಣ್ಣ ಸಣ್ಣ ಗೀರು, ಎದ್ದ ಚಕ್ಕೆ ಸಿಗುತ್ತವೆ. ನಿಧಾನಕ್ಕೆ ಆಡಿಸಿ, ಬೆರಳು ಕುಯ್ಯುವಷ್ಟು ಚೂಪಾಗಿರುತ್ತವೆ. ಈಗಿನ ಫ್ಯಾಷನ್ನು ಸಿಂಥೆಟಿಕ್ ರೋಪು. ಸ್ಟೀಲ್ ತೆಗೆದು ಡೈನೀಮಾ ನೂಲಿನ ರೋಪ್ ಹಾಕಿಸುತ್ತಾರೆ, ರೋಲರ್ ಮಾತ್ರ ಹಳೆಯದೇ. ಸಾವಿರಾರು ರೂಪಾಯಿಯ ಹೊಸ ರೋಪನ್ನು ಆ ಚಕ್ಕೆಗಳು ಎಳೆ ಎಳೆಯಾಗಿ ಬಿಡಿಸುತ್ತವೆ. ಇನ್ನು ಹುಕ್ಕಿನ ಬಾಯಿ ಸ್ವಲ್ಪ ಅಗಲವಾಯಿತೆಂದು ಬಿಸಿ ಮಾಡಿ ಬಡಿಯುವವರು, ರೋಪು, ಬೆಲ್ಟು ಸಿಕ್ಕಿಸುವ ಉಕ್ಕಿನ ಕೊಂಡಿಯಾದ ಶ್ಯಾಕಲನ್ನು ಬಂಪರಿಗೆ ವೆಲ್ಡ್ ಮಾಡಿಸುವವರು ಇದ್ದಾರೆ. ಶಾಖ ಕೊಟ್ಟು ಹದಗೊಳಿಸಿದ ಉಕ್ಕಿಗೆ ಮತ್ತೆ ಬೆಂಕಿ ತೋರಿಸಿದರೆ ಆ ಹದವೇ ಹೋಗುತ್ತದೆ, ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಸ್ಪರ್ಧೆಗಳಲ್ಲಿ ವೇಗಕ್ಕಾಗಿ 12 ವೋಲ್ಟಿನ ಮೋಟಾರಿಗೆ 24 ವೋಲ್ಟು ಕೊಡುವ ಚಾಳಿಯೂ ಉಂಟು. ಅವರಿಗೆ ಅದು ಗೊತ್ತಿದ್ದೂ ಆಡುವ ಆಟ, ಸುಟ್ಟ ಮೋಟಾರಿನ ಖರ್ಚು ಲೆಕ್ಕಕ್ಕೆ ಸೇರಿಸಿಕೊಂಡೇ ಬಂದಿರುತ್ತಾರೆ. ಅದನ್ನು ವಿಡಿಯೊದಲ್ಲಿ ನೋಡಿ ತನ್ನ ಒಂದೇ ಗಾಡಿಗೆ ಮಾಡಿಸಿಕೊಂಡು ಕುಟುಂಬ ಸಮೇತ ಕುದುರೆಮುಖದ ಕಡೆ ಹೊರಡುವವನ ಬಗ್ಗೆ ಏನು ಹೇಳುವುದು?

ವಿಂಚಿನ ಮೇಲೆ ಬರೆದ ಅಂಕಿಯ ಸುತ್ತಲೂ ಒಂದು ಪುರಾಣವಿದೆ. 9,500 ಪೌಂಡು ಎಂದರೆ ಸುಮಾರು 4,300 ಕಿಲೋ. “ನನ್ನ ಗಾಡಿ ಎರಡು ಟನ್ನು, ವಿಂಚು ನಾಲ್ಕು ಟನ್ನು, ಇನ್ನೇನು ಭಯ?” ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಆ ಅಂಕಿ ಡ್ರಮ್ಮಿನ ಮೇಲೆ ಮೊದಲ ಪದರ ಮಾತ್ರ ಉಳಿದಾಗಿನ ಲೆಕ್ಕ. ರೋಪ್ ಪದರ ಪದರವಾಗಿ ಸುತ್ತಿಕೊಂಡಂತೆ ಡ್ರಮ್ಮಿನ ಸುತ್ತಳತೆ ದೊಡ್ಡದಾಗುತ್ತದೆ, ಅದೇ ಮೋಟಾರು ಎಳೆಯುವ ಬಲ ಕಡಿಮೆಯಾಗುತ್ತದೆ. ಒಂದೊಂದು ಪದರಕ್ಕೂ ಹತ್ತಿರ ಹತ್ತಿರ ಹತ್ತನೇ ಒಂದು ಪಾಲು ಖೋತಾ. ಹತ್ತಿರದ ಮರಕ್ಕೆ ನಾಲ್ಕು ಮೀಟರ್ ರೋಪ್ ಬಿಟ್ಟು ಎಳೆಯುವುದಕ್ಕಿಂತ ದೂರದ ಮರಕ್ಕೆ ಇಪ್ಪತ್ತು ಮೀಟರ್ ಬಿಟ್ಟು ಎಳೆದರೆ ವಿಂಚಿಗೆ ಹೆಚ್ಚು ತಾಕತ್ತು ಬರುವುದು ಇದರಿಂದಲೇ. ಹಾಗೆಂದು ಪೂರ್ತಿ ಬಿಚ್ಚಿಬಿಡುವ ಹಾಗೂ ಇಲ್ಲ. ರೋಪಿನ ತುದಿಯನ್ನು ಡ್ರಮ್ಮಿಗೆ ಹಿಡಿದಿರುವ ಸ್ಕ್ರೂ ಭಾರ ತಡೆಯಲು ಮಾಡಿದ್ದಲ್ಲ. ಸ್ಟೀಲ್ ಆದರೆ ಕನಿಷ್ಠ 5 ಸುತ್ತು, ನುಣುಪಾದ ಸಿಂಥೆಟಿಕ್ ಆದರೆ 10 ಸುತ್ತು ಡ್ರಮ್ಮಿನಲ್ಲಿ ಉಳಿದಿರಬೇಕು, ಆ ಸುತ್ತುಗಳ ಬಿಗಿತವೇ ಭಾರ ಹಿಡಿಯುವುದು.

ಗಾಡಿಯ ತೂಕದ ಲೆಕ್ಕವೂ ಅಷ್ಟು ಸರಳವಲ್ಲ. ಕೆಸರಿನಲ್ಲಿ ಹೂತ ಗಾಡಿಯನ್ನು ಎಳೆಯಲು ಎಷ್ಟು ಬಲ ಬೇಕು ಎಂಬುದಕ್ಕೆ ಅಮೆರಿಕದ ಸೇನೆಯ ಕೈಪಿಡಿಗಳಲ್ಲಿ ಒಂದು ಹಳೆಯ ಅಂದಾಜಿದೆ. ಚಕ್ರದ ಮಟ್ಟಕ್ಕೆ ಹೂತಿದ್ದರೆ ಗಾಡಿಯ ತೂಕದಷ್ಟೇ ಬಲ, ಮಡ್‌ಗಾರ್ಡಿನ ಮಟ್ಟಕ್ಕೆ ಹೂತಿದ್ದರೆ ಅದರ ಎರಡು ಪಟ್ಟು, ಬಾಡಿ ಮುಳುಗುವಷ್ಟು ಹೂತಿದ್ದರೆ ಮೂರು ಪಟ್ಟು. ಜನ, ಸಾಮಾನು, ಡೀಸೆಲ್ ಸೇರಿ ಎರಡು ಟನ್ ದಾಟಿದ ಥಾರ್ ಗಾಡಿ ಆಷಾಢದ ಗದ್ದೆ ಬದಿಯಲ್ಲಿ ಮಡ್‌ಗಾರ್ಡಿನವರೆಗೆ ಇಳಿದಿದೆ ಅಂದುಕೊಳ್ಳಿ. ಬೇಕಾದ್ದು ನಾಲ್ಕು ಟನ್ನಿಗೂ ಮೇಲೆ. ಮೂರನೇ ಪದರದಲ್ಲಿರುವ ನಿಮ್ಮ ನಾಲ್ಕು ಟನ್ನಿನ ವಿಂಚು ಅದನ್ನು ಕೊಡುವುದಿಲ್ಲ. ಅರ್ಧ ಗಂಟೆ ಗುದ್ದಲಿ ಹಿಡಿದು ಚಕ್ರದ ಮುಂದಿನ ಕೆಸರು ತೆಗೆದರೆ ಈ ಲೆಕ್ಕ ನಿಮ್ಮ ಕಡೆ ವಾಲುತ್ತದೆ. ಗುದ್ದಲಿ ಹಿಡಿದವನ ಫೋಟೊ ಚೆನ್ನಾಗಿ ಬರುವುದಿಲ್ಲ ಎಂಬುದೊಂದೇ ಅದರ ದೋಷ.

ವಿಂಚು ಸಾಲದಾದಾಗ ಸ್ನ್ಯಾಚ್ ಬ್ಲಾಕ್ ಎಂಬ ರಾಟೆ ಬರುತ್ತದೆ. “ರಾಟೆ ಹಾಕಿದರೆ ಬಲ ಡಬಲ್” ಎಂಬ ನಂಬಿಕೆ ಅರ್ಧ ನಿಜ. ರೋಪನ್ನು ಮರಕ್ಕೆ ಕಟ್ಟಿದ ರಾಟೆಯಲ್ಲಿ ತಿರುಗಿಸಿ ತಂದು ಹೂತ ಗಾಡಿಗೇ ಮರಳಿ ಸಿಕ್ಕಿಸಿದರೆ ಎರಡು ಎಳೆಗಳು ಗಾಡಿಯನ್ನು ಎಳೆಯುತ್ತವೆ, ಬಲ ಹತ್ತಿರ ಹತ್ತಿರ ದುಪ್ಪಟ್ಟಾಗುತ್ತದೆ, ವೇಗ ಅರ್ಧವಾಗುತ್ತದೆ. ಬರೀ ದಿಕ್ಕು ಬದಲಿಸಲು ರಾಟೆ ಹಾಕಿದರೆ ಬಲ ಒಂದು ಕಿಲೋವೂ ಹೆಚ್ಚುವುದಿಲ್ಲ. ಎರಡೂ ಸಂದರ್ಭದಲ್ಲಿ ಯಾರೂ ಗಮನಿಸದ ಒಂದು ಜೀವವಿದೆ: ಮರ. ರೋಪ್ ಹೋಗಿ ಹಾಗೇ ಮರಳಿ ಬಂದರೆ ಮರದ ಮೇಲೆ ಬೀಳುವುದು ವಿಂಚು ಎಳೆಯುವ ಬಲದ ಎರಡರಷ್ಟು, ಲಂಬಕೋನದಲ್ಲಿ ತಿರುಗಿದರೂ 1.4 ಪಟ್ಟು. ನಮ್ಮ ಕಾಫಿ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ಹಾಕಿದ ಸಿಲ್ವರ್ ಓಕ್ ನೆಟ್ಟಗೆ, ಕೈಗೆ ಸಿಗುವಂತೆ ನಿಂತಿರುತ್ತದೆ. ಹಾಗಾಗಿ ಎಲ್ಲರ ಕಣ್ಣು ಮೊದಲು ಅದರ ಮೇಲೆ. ಅದರ ಮರ ಪೆಡಸು, ಮಳೆಗಾಲದ ಗಾಳಿಗೇ ಲಟಕ್ಕೆಂದು ಮುರಿಯುವುದನ್ನು ಮಲೆನಾಡಿನವರು ಕಂಡಿದ್ದಾರೆ. ಕಟ್ಟಲೇಬೇಕಾದರೆ ದಪ್ಪ ಕಾಂಡದ, ಬೇರು ಬಿಟ್ಟ ಹಸಿ ಮರ ನೋಡಿ, ಬುಡದ ಹತ್ತಿರ, ಅಗಲ ಪಟ್ಟಿ ಸುತ್ತಿ ಕಟ್ಟಬೇಕು. ಬರಿ ಸ್ಟೀಲ್ ರೋಪನ್ನೇ ಮರಕ್ಕೆ ಸುತ್ತಿ ಹುಕ್ಕನ್ನು ಅದೇ ರೋಪಿಗೆ ಸಿಕ್ಕಿಸುವ ಪದ್ಧತಿಯಲ್ಲಿ ತೊಗಟೆ ಕೊಯ್ದು ಮರವೂ ಸಾಯುತ್ತದೆ, ಮಡಚಿದ ಜಾಗದಲ್ಲಿ ರೋಪೂ ಸಾಯುತ್ತದೆ. ತೋಟದ ಮಾಲೀಕರನ್ನು ಒಂದು ಮಾತು ಕೇಳಿ ಕಟ್ಟುವುದು ಬೇರೆ ವಿಷಯ.

ಈಗ ಎಲ್ಲ ದಂತಕಥೆಗಳ ರಾಜ: ಹರಿದ ಸ್ಟೀಲ್ ರೋಪ್ ಮನುಷ್ಯನನ್ನು ಸೊಂಟದಲ್ಲಿ ಎರಡು ತುಂಡು ಮಾಡಿತಂತೆ. ಅಮೆರಿಕದ ‘ಮಿತ್‌ಬಸ್ಟರ್ಸ್’ ಟಿ.ವಿ. ಕಾರ್ಯಕ್ರಮದವರು 2006ರಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದರು. ಸತ್ತ ಹಂದಿಯನ್ನು ಎದುರಿಗಿಟ್ಟು, ಬಿಗಿದ ಉಕ್ಕಿನ ಕೇಬಲ್ ಹರಿಯುವಂತೆ ಮಾಡಿದರು. ಹಂದಿ ತುಂಡಾಗಲಿಲ್ಲ. ಕಥೆ ಸುಳ್ಳೆಂದು ತೀರ್ಮಾನ ಕೊಟ್ಟರು. ಏಟು ಬಿದ್ದ ಮನುಷ್ಯ ಬದುಕುತ್ತಾನೆಂದು ಇದರರ್ಥವಲ್ಲ, ಎರಡು ತುಂಡಾಗುವುದಿಲ್ಲ, ಅಷ್ಟೇ. ಈ ಕಥೆಯಿಂದ ಆದ ಕೆಡುಕು ಬೇರೆಯೇ ಇದೆ. ಎಲ್ಲರೂ ಸ್ಟೀಲ್ ರೋಪಿಗೆ ಮಾತ್ರ ಹೆದರುವುದನ್ನು ಕಲಿತರು. ಹೂತ ಗಾಡಿಯನ್ನು ಇನ್ನೊಂದು ಗಾಡಿಯಿಂದ ಎಳೆಯಲು ಬಳಸುವ ನೈಲಾನಿನ ಮೆತ್ತನೆಯ ಬೆಲ್ಟು, ಹಿಗ್ಗುವ ಬಣ್ಣಬಣ್ಣದ ಕೈನೆಟಿಕ್ ಹಗ್ಗ ಕಂಡರೆ ಧೈರ್ಯವಾಗಿ ಪಕ್ಕದಲ್ಲೇ ನಿಲ್ಲುತ್ತಾರೆ.

ಲೆಕ್ಕ ಹಾಕಿ ನೋಡೋಣ. ಹಗ್ಗ ಬಿಗಿದಾಗ ಅದರಲ್ಲಿ ಕೂಡುವ ಶಕ್ತಿ, ಎಳೆತದ ಬಲ ಮತ್ತು ಹಿಗ್ಗಿದ ಉದ್ದದ ಗುಣಲಬ್ಧದ ಅರ್ಧ. ಸ್ಟೀಲ್ ರೋಪು, ಕೈನೆಟಿಕ್ ಹಗ್ಗ ಎರಡರ ಮೇಲೂ ಮೂರು ಟನ್ ಎಳೆತ ಇದೆ ಎಂದಿಟ್ಟುಕೊಳ್ಳಿ. 15 ಮೀಟರ್ ಸ್ಟೀಲ್ ರೋಪ್ ಹಿಗ್ಗುವುದು ನೂರಕ್ಕೆ ಒಂದರಷ್ಟು, ಅಂದರೆ 15 ಸೆಂಟಿಮೀಟರ್. ಕೂಡಿದ ಶಕ್ತಿ ಸುಮಾರು 2,250 ಜೂಲ್. 70 ಕಿಲೋ ತೂಕದ ಮನುಷ್ಯನನ್ನು ಒಂದು ಮಹಡಿ ಮೇಲಕ್ಕೆ ಎತ್ತಲು ಇಷ್ಟು ಸಾಕು. 9 ಮೀಟರಿನ ಕೈನೆಟಿಕ್ ಹಗ್ಗ ನೂರಕ್ಕೆ 25ರಷ್ಟು ಹಿಗ್ಗುತ್ತದೆ, ಅಂದರೆ ಎರಡೂಕಾಲು ಮೀಟರ್. ಶಕ್ತಿ 33,000 ಜೂಲ್ ದಾಟುತ್ತದೆ. ಅದೇ ಮನುಷ್ಯ ಈಗ ಹದಿನಾರನೇ ಮಹಡಿಯಲ್ಲಿದ್ದಾನೆ.

ಆ ಶಕ್ತಿ ಇರುವುದೇ ಕೆಲಸಕ್ಕೆ. ಎಳೆಯುವ ಗಾಡಿ ಸ್ವಲ್ಪ ಓಡಿ ಹಗ್ಗವನ್ನು ಹಿಗ್ಗಿಸುತ್ತದೆ, ಹಗ್ಗ ಕುಗ್ಗುವಾಗ ಹೂತ ಗಾಡಿಯನ್ನು ಮೆತ್ತಗೆ ಕಿತ್ತು ತರುತ್ತದೆ. ಎಲ್ಲ ಸರಿ ಹೋದರೆ ಇದಕ್ಕಿಂತ ಚೆಂದದ ಉಪಾಯವಿಲ್ಲ. ಆದರೆ ಹಗ್ಗದ ತುದಿಯಲ್ಲಿ ಕಬ್ಬಿಣದ ಯಾವುದೋ ತುಂಡು ಕಿತ್ತುಬಂದರೆ ಅದೊಂದು ದೈತ್ಯ ಚಾಟರ್‌ಬಿಲ್ಲು. ಟ್ರೈಲರ್ ಸಿಕ್ಕಿಸಲು ಗಾಡಿಯ ಹಿಂದೆ ಹಾಕಿಸಿಕೊಳ್ಳುವ ಟೋ ಬಾಲ್ ಹೀಗೆ ಮುರಿದು ಹಾರುವುದರಲ್ಲಿ ಕುಖ್ಯಾತ. ಅದರ ಗೋಣು ಟ್ರೈಲರಿನ ನಿಧಾನ ಎಳೆತಕ್ಕೆ ಮಾಡಿದ್ದೇ ಹೊರತು ಈ ಜಗ್ಗಿಗಲ್ಲ. ಎರಡು ಕಿಲೋ ತೂಕದ ಬಾಲ್ ಮುರಿದು, ಹಗ್ಗದ ಶಕ್ತಿಯಲ್ಲಿ ಹತ್ತನೇ ಒಂದು ಪಾಲು ಮಾತ್ರ ಅದಕ್ಕೆ ಸಿಕ್ಕಿತೆಂದು ಭಾವಿಸಿದರೂ ಅದು ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಹೊರಡುತ್ತದೆ. ಹೊರಡುವ ದಿಕ್ಕು ಹಗ್ಗದ ದಿಕ್ಕೇ, ಅಂದರೆ ನೇರ ಎದುರಿನ ಗಾಡಿಯ ಗಾಜಿಗೆ. ಮರಳುಗಾಡು, ಕಡಲತೀರಗಳ ಆಫ್‌ರೋಡ್ ಮನೆಮಾತಾಗಿರುವ ಆಸ್ಟ್ರೇಲಿಯಾದಲ್ಲಿ ಹೀಗೆ ಹಾರಿದ ಟೋ ಬಾಲ್ ತಗುಲಿ ಜನ ಸತ್ತಿದ್ದಾರೆ. ಅಲ್ಲಿನ ಸರ್ಕಾರ 2010ರಲ್ಲೇ ರಿಕವರಿ ಬೆಲ್ಟುಗಳಿಗೆ ಕಡ್ಡಾಯ ಸುರಕ್ಷತಾ ನಿಯಮ ಹೊರಡಿಸಿ, ಎಚ್ಚರಿಕೆಯ ಮಾತುಗಳನ್ನು ಬೆಲ್ಟಿನ ಮೇಲೇ ಮುದ್ರಿಸುವಂತೆ ಮಾಡಿತು. ಬೆಲ್ಟಿನ ಹರಿಯುವ ಮಿತಿ ಗಾಡಿಯ ಒಟ್ಟು ತೂಕದ ಎರಡರಿಂದ ಮೂರು ಪಟ್ಟು ಇರಬೇಕು ಎಂಬುದು ಅಲ್ಲಿ ಪಾಠವಾಗಿರುವ ಅಳತೆ. “ಇನ್ನೂ ದಪ್ಪದ್ದು ತಗೊಂಡ್ರೆ ಇನ್ನೂ ಸೇಫು” ಎಂದು ಲಾರಿಯ ಬೆಲ್ಟು ತಂದು 1,200 ಕಿಲೋದ ಜಿಮ್ನಿಗೆ ಕಟ್ಟಿದರೆ ಅದು ಹಿಗ್ಗುವುದೇ ಇಲ್ಲ, ಜಗ್ಗಿದ ಏಟೆಲ್ಲ ಚಾಸಿಗೆ ಬೀಳುತ್ತದೆ.

ಜಿಮ್ನಿಯೇ ಆಗಲಿ ಥಾರೇ ಆಗಲಿ, ಗಾಡಿಯ ಅಡಿಯಲ್ಲಿ ಕಾಣುವ ಪ್ರತಿ ರಂಧ್ರವೂ ಪ್ರತಿ ಬಳೆಯೂ ಎಳೆಯುವ ಜಾಗವಲ್ಲ. ಕಾರ್ಖಾನೆಯಿಂದ ಟ್ರಕ್ಕಿನ ಮೇಲೆ ಸಾಗಿಸುವಾಗ ಗಾಡಿ ಅಲುಗಾಡದಂತೆ ಕಟ್ಟಲು ತೆಳ್ಳಗಿನ ಕೊಂಡಿ ಕೊಟ್ಟಿರುತ್ತಾರೆ. ಅದು ಕೈಗೆ ಸುಲಭವಾಗಿ ಸಿಗುವುದರಿಂದ ಹುಕ್ಕು ಅಲ್ಲಿಗೇ ಹೋಗುತ್ತದೆ. ಗಾಡಿಯ ಮ್ಯಾನ್ಯುಯಲ್ಲಿನಲ್ಲಿ ಎಳೆಯುವ ಜಾಗ ಯಾವುದೆಂದು ಚಿತ್ರ ಸಮೇತ ಇರುತ್ತದೆ. ಹೊರಡುವ ಮುಂಚೆ ಮನೆಯಲ್ಲೇ ಬಗ್ಗಿ ನೋಡಿಕೊಂಡಿದ್ದರೆ ಮೊಣಕಾಲುದ್ದ ಕೆಸರಿನಲ್ಲಿ ತಡಕಾಡುವ ಕಷ್ಟ ತಪ್ಪುತ್ತದೆ.

ಸಿಂಥೆಟಿಕ್ ರೋಪ್ ಬಗ್ಗೆಯೂ ಒಂದು ಮಾತು, ಏಕೆಂದರೆ ಅದರ ಸುತ್ತ ಹೊಸ ಪುರಾಣ ಹುಟ್ಟಿದೆ. ಡೈನೀಮಾ ಮೂಲದಲ್ಲಿ ಪಾಲಿಥೀನೇ, ಅಣುಗಳ ಸರಪಳಿ ಅತಿ ಉದ್ದವಾಗಿ ಒಂದೇ ದಿಕ್ಕಿಗೆ ಸಾಲುಗಟ್ಟಿರುವಂಥದ್ದು. ಸಮಾನ ತೂಕದ ಉಕ್ಕಿಗಿಂತ ಎಷ್ಟೋ ಪಟ್ಟು ಗಟ್ಟಿ, ನೀರಿನಲ್ಲಿ ತೇಲುತ್ತದೆ. ಹಗುರಾದ್ದರಿಂದ ಹರಿದರೂ ಉಕ್ಕಿನಂತೆ ಬೀಸಿ ಹೊಡೆಯುವುದಿಲ್ಲ ಎಂಬುದು ನಿಜ. ಅದರ ತುದಿಯಲ್ಲಿ ಸಿಕ್ಕಿಸಿದ ಕಬ್ಬಿಣದ ಹುಕ್ಕಿಗೆ ಈ ಸೌಜನ್ಯವಿಲ್ಲ ಎಂಬುದೂ ಅಷ್ಟೇ ನಿಜ. ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಅದು ಕರಗುತ್ತದೆ. ಭಾರ ಹೊತ್ತ ಗಾಡಿಯನ್ನು ವಿಂಚಿನಿಂದಲೇ ನಿಧಾನವಾಗಿ ಇಳಿಜಾರಿಗೆ ಇಳಿಸುತ್ತ ಹೋದರೆ ಡ್ರಮ್ಮಿನೊಳಗಿನ ಬ್ರೇಕು ಕಾದು ಒಳ ಪದರದ ರೋಪು ಗಾಜಿನಂತೆ ಹೊಳಪಾಗಿ ಗಟ್ಟಿಯಾಗುತ್ತದೆ. ಆ ಹೊಳಪು ಕಂಡರೆ ಅಲ್ಲಿಗೆ ರೋಪಿನ ಕೆಲಸ ಮುಗಿಯಿತು. ಕೆಸರು ಒಣಗಿ ಎಳೆಗಳ ನಡುವೆ ಮರಳಿನ ಕಣ ಕೂತರೆ ಒಳಗಿನಿಂದಲೇ ಕೊಯ್ಯುತ್ತದೆ. ತೊಳೆದು ನೆರಳಿನಲ್ಲಿ ಒಣಗಿಸಬೇಕು. ಗಂಟು ಹಾಕಲೇಬಾರದು.

ಹಾಗಾದರೆ ರೋಪಿನ ಮೇಲೆ ಜಾಕೆಟ್ ಹೊದಿಸುತ್ತಾರಲ್ಲ, ಅದು? ಒದ್ದೆ ಗೋಣಿಚೀಲ, ಕಂಬಳಿ, ಅಂಗಡಿಯಲ್ಲಿ ಮಾರುವ ಡ್ಯಾಂಪರ್, ಎಲ್ಲದರ ಕೆಲಸವೂ ಒಂದೇ. ಹರಿದಾಗ ರೋಪಿಗೆ ಒಂದಿಷ್ಟು ತೂಕ ಸೇರಿಸಿ ಅದನ್ನು ನೆಲಕ್ಕೆ ಬೀಳಿಸುವುದು. ಹಾಕಬೇಕು. ಹಾಕಿದ ಮೇಲೆ ಹತ್ತಿರ ನಿಲ್ಲಬಹುದು ಎಂದುಕೊಳ್ಳುವುದರಲ್ಲಿ ಅಪಾಯವಿದೆ. ಬಾನೆಟ್ ಎತ್ತಿ ನಿಲ್ಲಿಸಿದರೆ ಗಾಜಿಗೆ ಅಡ್ಡ ಬರುತ್ತದೆ ಎಂಬುದೂ ಹೀಗೆಯೇ, ತೆಳು ತಗಡು ಎಷ್ಟು ತಡೆದೀತು? ಈ ವಿಷಯದಲ್ಲಿ ಹಡಗಿನವರಿಂದ ಕಲಿಯಬೇಕು. ಬಂದರಿನಲ್ಲಿ ಹಡಗು ಕಟ್ಟುವ ಹಗ್ಗ ಹರಿದು ಸಾಯುವವರು ಇಂದಿಗೂ ಇದ್ದಾರೆ. ಹಿಂದೆ ಡೆಕ್ಕಿನ ಮೇಲೆ ಬಣ್ಣದ ಗೆರೆ ಎಳೆದು, ಹಗ್ಗ ಬೀಸುವ ಜಾಗ ಇದು, ಇಲ್ಲಿ ನಿಲ್ಲಬೇಡಿ ಎಂದು ಗುರುತು ಮಾಡುತ್ತಿದ್ದರು. ಗೆರೆಯಿಂದ ಆಚೆ ನಿಂತವರು ತಾವು ಕ್ಷೇಮ ಎಂದು ನಂಬತೊಡಗಿದರು. ಹಗ್ಗ ಮಾತ್ರ ಗೆರೆ ನೋಡಿ ಬೀಸುವುದಿಲ್ಲವಲ್ಲ. ಈಗ ಬ್ರಿಟನ್ನಿನ ನಾವಿಕರ ಸುರಕ್ಷತಾ ಸಂಹಿತೆ ಆ ಗೆರೆಗಳ ಪದ್ಧತಿಯನ್ನೇ ಒಪ್ಪುವುದಿಲ್ಲ, ಹಗ್ಗ ಬಿಗಿದಿರುವಾಗ ಆ ಇಡೀ ಜಾಗವೇ ಅಪಾಯದ್ದು ಎನ್ನುತ್ತದೆ. ಆಫ್‌ರೋಡಿನಲ್ಲಿ ಡ್ಯಾಂಪರ್ ನಮ್ಮ ಪಾಲಿನ ಬಣ್ಣದ ಗೆರೆಯಾಗಿಬಿಟ್ಟಿದೆ. ಹೊರಬಿಟ್ಟ ರೋಪಿನ ಉದ್ದದ ಒಂದೂವರೆ ಪಟ್ಟು ದೂರಕ್ಕೆ ಜನರನ್ನು ಕಳಿಸುವುದು ಬಲ್ಲವರ ಪದ್ಧತಿ. ಕಂಟ್ರೋಲರ್ ಹಿಡಿದವನು ಒಬ್ಬ, ಸ್ಟೀರಿಂಗ್ ಹಿಡಿದವನು ಒಬ್ಬ, ಸನ್ನೆ ಮಾಡುವವನು ಒಬ್ಬನೇ. ಉಳಿದವರು ಮೊಬೈಲಿನ ಜೂಮ್ ಬಳಸಿಕೊಳ್ಳಲಿ.

ಶ್ಯಾಕಲ್ ಕೊಳ್ಳುವಾಗ ಅದರ ಮೇಲೆ ಉಬ್ಬಿಸಿ ಬರೆದ ಅಂಕಿ ನೋಡಿ. ಒಳ್ಳೆಯ ಮುಕ್ಕಾಲು ಇಂಚಿನ ಬೋ ಶ್ಯಾಕಲ್ ಮೇಲೆ 4.75 ಟನ್ ಎಂದಿರುತ್ತದೆ. ಅದು ದಿನಬಳಕೆಯ ಮಿತಿ, ಮುರಿಯುವುದು ಅದರ ಹಲವು ಪಟ್ಟು ಬಲಕ್ಕೆ. ಬೆಲ್ಟಿನ ಮೇಲೆ ಬರೆದ 8 ಟನ್ ಮಾತ್ರ ಸಾಮಾನ್ಯವಾಗಿ ಹರಿಯುವ ಮಿತಿ. ಎರಡೂ ಅಂಕಿಗಳನ್ನು ಪಕ್ಕಪಕ್ಕ ಇಟ್ಟು “ಬೆಲ್ಟೇ ಗಟ್ಟಿ, ಶ್ಯಾಕಲ್ ವೀಕು” ಎಂದು ತೀರ್ಮಾನಿಸಿ ಇನ್ನೂ ದಪ್ಪ ಕಬ್ಬಿಣ ತರುವವರಿದ್ದಾರೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಅಂಕಿಯೇ ಇಲ್ಲದ ಶ್ಯಾಕಲ್ಲೂ ಸಿಗುತ್ತದೆ. ಅದು ಗೇಟಿಗೆ ಬೀಗ ಹಾಕಲು ಸರಿ. ಎರಡು ಬೆಲ್ಟುಗಳನ್ನು ಶ್ಯಾಕಲ್ಲಿನಿಂದ ಜೋಡಿಸುವುದಂತೂ ಬೇಡವೇ ಬೇಡ. ಒಂದು ಬೆಲ್ಟು ಹರಿದರೆ ಇನ್ನೊಂದು ಆ ಕಬ್ಬಿಣವನ್ನು ಹೊತ್ತುಕೊಂಡು ಹಾರುತ್ತದೆ.

ನಮ್ಮಲ್ಲಿ ಆಫ್‌ರೋಡ್ ಹವ್ಯಾಸವಾಗುವ ಮುಂಚೆ ಅದು ಹೊಟ್ಟೆಪಾಡಾಗಿತ್ತು, ಈಗಲೂ ಆಗಿದೆ. ಕೊಡಚಾದ್ರಿಗೆ, ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹತ್ತಿಸುವ ಜೀಪಿನವರನ್ನು ನೋಡಿ. ಹೆಚ್ಚಿನ ಗಾಡಿಗಳಲ್ಲಿ ವಿಂಚೇ ಇಲ್ಲ. ಮಳೆಗಾಲದ ಜಾರಿನಲ್ಲಿ ಚಕ್ರಕ್ಕೆ ಸರಪಳಿ, ಹಿಂದೆ ಒಂದು ಹಾರೆ, ಮುಂದಿನ ಗಾಡಿ ಹೋದ ಜಾಡಿನ ನೆನಪು. “ಸಿಕ್ಕಿಹಾಕ್ಕೊಳ್ಳೋ ಜಾಗಕ್ಕೆ ಹೋಗೋದೇ ಯಾಕೆ ಸಾರ್?” ಎಂದು ಅವರು ಕೇಳುವ ಪ್ರಶ್ನೆಗೆ ಹವ್ಯಾಸಿಗಳ ಬಳಿ ಉತ್ತರವಿಲ್ಲ, ಏಕೆಂದರೆ ಹವ್ಯಾಸಿಗಳು ಹೋಗುವುದೇ ಅದಕ್ಕೆ. 2014ರಿಂದ ಗೋವಾದಲ್ಲಿ ಮಳೆಗಾಲದಲ್ಲಿ ನಡೆದುಬಂದ ರೇನ್‌ಫಾರೆಸ್ಟ್ ಚಾಲೆಂಜ್‌ನಂಥ ಸ್ಪರ್ಧೆಗಳಲ್ಲಿ ವಿಂಚು ಎಳೆಯುವುದೇ ಆಟದ ಭಾಗ. ಅಲ್ಲಿ ಹೆಲ್ಮೆಟ್ಟು, ಕೈಗವಸು, ಮಾರ್ಷಲ್, ಆಂಬುಲೆನ್ಸ್ ಇರುತ್ತವೆ. ಭಾನುವಾರದ ಗುಂಪಿನಲ್ಲಿ ಇರುವುದು ಉತ್ಸಾಹ. ಕನಿಷ್ಠ ಟೈರಿನ ಗಾಳಿ 30ರಿಂದ 18 ಪಿ.ಎಸ್.ಐ.ಗೆ ಇಳಿಸಿದರೂ ಎಷ್ಟೋ ಸಲ ವಿಂಚಿನ ಪ್ರಸಂಗವೇ ಬರುವುದಿಲ್ಲ. ಟೈರು ಅಗಲವಾಗಿ ನೆಲ ಹಿಡಿದು ತಾನೇ ಎದ್ದುಬರುತ್ತದೆ. ಟಾರು ರಸ್ತೆಗೆ ಬರುವಾಗ ಮತ್ತೆ ಗಾಳಿ ತುಂಬಿಸಿಕೊಳ್ಳಬೇಕು, ಅಷ್ಟೇ.

ಕಾನೂನಿನ ಮಾತು ಬಂದರೆ ಗುಂಪಿನಲ್ಲಿ ಎಲ್ಲರೂ ಆಕಾಶ ನೋಡುತ್ತಾರೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆದು, ಗಾಡಿಯ ಮುಂದೆ ಬುಲ್‌ಬಾರ್ ಎಂಬ ಲೋಹದ ತಡೆಕಂಬಿ ಹಾಕಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ವಿರುದ್ಧ, ಕ್ರಮ ಕೈಗೊಳ್ಳಿ ಎಂದಿತು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ವಿಂಚು ಕೂರಿಸಲು ಹಾಕಿಸುವ ಭಾರದ ಉಕ್ಕಿನ ಬಂಪರು ಅಪಘಾತದಲ್ಲಿ ನಜ್ಜುಗುಜ್ಜಾಗಿ ಏಟು ಹೀರಿಕೊಳ್ಳುವುದಿಲ್ಲ, ಪಾದಚಾರಿಗೆ ತಗುಲಿದರೆ ಕೇಳುವುದೇ ಬೇಡ, ಏರ್‌ಬ್ಯಾಗಿನ ಸೆನ್ಸರುಗಳ ಲೆಕ್ಕವೂ ತಪ್ಪಬಹುದು. ವಿಮೆಯವರು ತಕರಾರು ತೆಗೆಯಲು ಇಷ್ಟು ಸಾಕು. ಇದನ್ನೆಲ್ಲ ಮಾರುವ ಅಂಗಡಿಯವನು ಬಿಲ್ಲಿನ ಮೂಲೆಯಲ್ಲಿ ‘ಸ್ಪರ್ಧೆಗೆ ಮಾತ್ರ’ ಎಂದು ಬರೆದು ಕೈ ತೊಳೆದುಕೊಂಡರೂ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಮನೆಗೆ ಅದೇ ಬಂಪರಿನಲ್ಲಿ ಗಾಡಿ ಓಡಿಸಿಕೊಂಡು ಬರುವವರು ನೀವು.

ಇನ್ನುಳಿದದ್ದು ಹಳೆಯ ಸಾಮಾನಿನ ಗತಿ. ನೈಲಾನ್ ಬೆಲ್ಟು ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ, ಒಂದು ಜಗ್ಗಿನ ನಂತರ ಮೂಲ ಉದ್ದಕ್ಕೆ ಮರಳಲು ಸಮಯ ಕೇಳುತ್ತದೆ, ಬಿಸಿಲು ತಿಂದು ಬಣ್ಣ ಕಳೆದುಕೊಳ್ಳುತ್ತದೆ. ಅಂಚಿನ ಹೊಲಿಗೆ ಬಿಚ್ಚಿದ್ದು, ಒಂದು ಕಡೆ ಗಟ್ಟಿಯಾಗಿ ಸೆಟೆದದ್ದು, ಸಣ್ಣ ಕೊಯ್ತ ಕಂಡದ್ದು ಮನೆಗೆ ಮರಳಿ ಬರಬಾರದು. ಕಸಕ್ಕೆ ಹಾಕುವ ಮುಂಚೆ ಅದನ್ನು ಕತ್ತರಿಸಿ ಎರಡಡಿ ತುಂಡು ಮಾಡಿ. ಇಡಿಯಾಗಿ ಎಸೆದರೆ ಟೆಂಪೊದವನೊಬ್ಬ ಎತ್ತಿಕೊಂಡು ಹೋಗಿ, ನಾಳೆ ಕೆಟ್ಟು ನಿಂತ ಇನ್ನೊಂದು ಟೆಂಪೊವನ್ನು ಎಳೆಯಲು ಅದನ್ನೇ ಕಟ್ಟುತ್ತಾನೆ.